ಕುದುರೆಯ ಜಂತುಹುಳು ಔಷಧಿ: ಕೊಳ್ಳಲು ಬಂದವರು ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಕುದುರೆ, ಕುರಿ, ದನಗಳ ಮೇವು ಮತ್ತು ಸಾಮಗ್ರಿ ಮಾರುವ ಅಂಗಡಿಯೊಂದರಲ್ಲಿ ನಾನು ಪ್ರಾಣಿ ಔಷಧಗಳ ಸಲಹೆಗಾರ್ತಿ. ಹುಟ್ಟಿ ಬೆಳೆದದ್ದು ತುಮಕೂರು ಜಿಲ್ಲೆಯಲ್ಲಿ, ಕುಣಿಗಲ್ ಕುದುರೆ ಫಾರಂ ಇರುವ ಸೀಮೆಯಲ್ಲಿ. ಇಲ್ಲಿ ನೆಲೆಸಿರುವ ಕೆಲವು ಕನ್ನಡ ಕುಟುಂಬಗಳ ಮಕ್ಕಳು ಸವಾರಿ ಕಲಿಯುತ್ತಾರೆ. ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಮನೆಗೊಂದು ಪೋನಿ ಬಂದಿರುತ್ತದೆ, ಅದರ ಹಿಂದೆಯೇ ಹುಳುವಿನ ಔಷಧಿಯ ಮಾತೂ ಬರುತ್ತದೆ. ಅಂಥವರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಇದರಲ್ಲಿರುವುದು ಬ್ರಿಟನ್ನಿನ ಕಾನೂನು, ಬ್ರಿಟನ್ನಿನ ರೂಢಿ.

ಕುದುರೆ ನನ್ನದು, ಹಣವೂ ನನ್ನದು. ಔಷಧಿ ಕೊಡಲು ಇಷ್ಟೊಂದು ವಿಚಾರಣೆ ಏಕೆ?

ನಮ್ಮ ಊರಿನ ಕೆರೆಗೆ ಒಬ್ಬ ನೀರುಗಂಟಿ ಇದ್ದ. ಗದ್ದೆ ನಿಮ್ಮದೇ ಇರಬಹುದು, ತೂಬು ಎತ್ತುವ ಅಧಿಕಾರ ಮಾತ್ರ ಅವನದು. ನೀರು ಎಲ್ಲರದು ಎಂಬುದೇ ಅದಕ್ಕೆ ಕಾರಣ. ಹುಳುವಿನ ಔಷಧಿಯೂ ಹಾಗೆಯೇ. ಒಂದು ಲಾಯದಲ್ಲಿ ಬೇಕಾಬಿಟ್ಟಿ ಬಳಸಿದರೆ ಅಲ್ಲಿ ಬದುಕುಳಿದ, ಔಷಧಿಗೆ ಜಗ್ಗದ ಹುಳುಗಳು ಅಲ್ಲೇ ಉಳಿಯುವುದಿಲ್ಲ. ಕುದುರೆ ಮಾರಾಟವಾದಾಗ, ಸ್ಪರ್ಧೆಗೆ ಹೋದಾಗ, ಇನ್ನೊಂದು ಹುಲ್ಲುಗಾವಲಿಗೆ ಬಾಡಿಗೆಗೆ ಹೋದಾಗ ಅದರ ಲದ್ದಿಯ ಜೊತೆ ಅವೂ ಹೋಗುತ್ತವೆ.

ನಮ್ಮ ಕೈಯಲ್ಲಿರುವ ಔಷಧಿಗಳು ಬಹಳ ಕಡಿಮೆ. ಫೆನ್‌ಬೆಂಡಜೋಲ್ ಸೇರಿದ ಗುಂಪಿನ ಮೊದಲ ಔಷಧಿ ಬಂದದ್ದು 1960ರ ದಶಕದಲ್ಲಿ. ಆಮೇಲೆ ಪೈರಾಂಟೆಲ್ ಬಂತು, 1980ರ ದಶಕದಲ್ಲಿ ಐವರ್‌ಮೆಕ್ಟಿನ್ ಬಂತು. ಅದನ್ನು ಕಂಡುಹಿಡಿದವರಿಗೆ 2015ರಲ್ಲಿ ನೊಬೆಲ್ ಪ್ರಶಸ್ತಿ ಸಿಕ್ಕಿತು. ಮಾಕ್ಸಿಡೆಕ್ಟಿನ್ ಅದರ ದಾಯಾದಿ, ಬೇರೆ ಗುಂಪಲ್ಲ. ಪ್ರಾಜಿಕ್ವಾಂಟೆಲ್ ಲಾಡಿಹುಳುವಿಗೆ ಮಾತ್ರ. ಪಟ್ಟಿ ಇಲ್ಲಿಗೇ ಮುಗಿಯಿತು. ಕುದುರೆಯ ಕರುಳಿನಲ್ಲಿ ಬದುಕುವ ಸಣ್ಣ ಕೆಂಪುಹುಳು ಫೆನ್‌ಬೆಂಡಜೋಲ್‌ಗೆ ಜಗ್ಗದಿರುವುದು ಈಗ ಸಾಮಾನ್ಯ ಸಂಗತಿ. ಐರ್ಲೆಂಡಿನಿಂದ ಅಮೆರಿಕಕ್ಕೆ ಸಾಗಿಸಿದ ಒಂದು ವರ್ಷದ ಕುದುರೆಗಳಲ್ಲಿ ಐವರ್‌ಮೆಕ್ಟಿನ್, ಮಾಕ್ಸಿಡೆಕ್ಟಿನ್ ಎರಡಕ್ಕೂ ಜಗ್ಗದ ಹುಳುಗಳು ಸಿಕ್ಕವೆಂದು 2020ರಲ್ಲಿ ವರದಿಯಾಯಿತು. ಅಂದರೆ ಕೊನೆಯ ತೂಬಿನ ನೀರೂ ಇಳಿಯುತ್ತಿದೆ.

ಕಾನೂನಿನಲ್ಲಿ ಏನಿದೆ?

ಬ್ರಿಟನ್ನಿನಲ್ಲಿ ಪ್ರಾಣಿ ಔಷಧಗಳನ್ನು ನಾಲ್ಕು ವರ್ಗ ಮಾಡಿದ್ದಾರೆ. ಒಂದು ತುದಿಯಲ್ಲಿ ಪಶುವೈದ್ಯರು ಮಾತ್ರ ಬರೆದುಕೊಡಬಹುದಾದವು, ಇನ್ನೊಂದು ತುದಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದವು. ಕುದುರೆಯ ಹುಳು ಔಷಧಿಗಳಲ್ಲಿ ಹೆಚ್ಚಿನವು ನಡುವಿನ ಪಿಒಎಂ-ವಿಪಿಎಸ್ ಎಂಬ ವರ್ಗದಲ್ಲಿವೆ. ಇವುಗಳನ್ನು ಪಶುವೈದ್ಯರು, ಔಷಧತಜ್ಞರು ಅಥವಾ ಎಸ್‌ಕ್ಯೂಪಿ ಎನಿಸಿಕೊಂಡ ಅರ್ಹ ವ್ಯಕ್ತಿ ಸೂಚಿಸಿ ಕೊಡಬೇಕು. ನಾನು ಮೂರನೆಯ ಬಗೆಯವಳು. ಅದಕ್ಕೆ ಪರೀಕ್ಷೆ ಇದೆ, ನೋಂದಣಿ ಇದೆ, ಕಲಿಕೆಯನ್ನು ಮುಂದುವರಿಸುತ್ತಲೇ ಇರಬೇಕೆಂಬ ಷರತ್ತೂ ಇದೆ. ಅಂಗಡಿಯೂ ನೋಂದಾಯಿತವಾಗಿರಬೇಕು. ಇವೆಲ್ಲವೂ 2013ರ ಪ್ರಾಣಿ ಔಷಧ ನಿಯಮಗಳಿಗೆ ಸೇರಿದವು. ಆ ನಿಯಮಗಳಿಗೆ 2024ರಲ್ಲಿ ದೊಡ್ಡ ತಿದ್ದುಪಡಿಯಾಯಿತು. ನೋಡಿಕೊಳ್ಳುವ ಇಲಾಖೆ ವಿಎಂಡಿ, ಅಂದರೆ ಪ್ರಾಣಿ ಔಷಧ ನಿರ್ದೇಶನಾಲಯ.

ನಾನು ನಿಮ್ಮ ಕುದುರೆಯನ್ನು ಕಣ್ಣಾರೆ ನೋಡಬೇಕೆಂದು ಕಾನೂನು ಹೇಳುವುದಿಲ್ಲ. ನೀವು ಔಷಧಿಯನ್ನು ಸರಿಯಾಗಿ, ಅಪಾಯವಿಲ್ಲದೆ ಬಳಸಬಲ್ಲಿರಿ ಎಂದು ನನಗೆ ಮನವರಿಕೆಯಾಗಬೇಕು. ಅದು ಯಾವ ಉದ್ದೇಶಕ್ಕೆ ಅನುಮತಿ ಪಡೆದಿದೆಯೋ ಅದಕ್ಕೇ ಬಳಸುತ್ತೀರಿ ಎಂಬ ಖಾತ್ರಿಯೂ ಬೇಕು. ಚಿಕಿತ್ಸೆಗೆ ಬೇಕಾದಷ್ಟೇ ಕೊಡಬೇಕು, ಎಚ್ಚರಿಕೆಯ ಮಾತು ಹೇಳಬೇಕು, ದಾಖಲೆಯನ್ನು 5 ವರ್ಷ ಇಟ್ಟುಕೊಳ್ಳಬೇಕು. ಮನವರಿಕೆಯಾಗದಿದ್ದರೆ ಕೊಡಲಾಗುವುದಿಲ್ಲ ಎನ್ನುವುದು ನನ್ನ ಕರ್ತವ್ಯ. ದಯವಿಟ್ಟು ಅದನ್ನು ಅವಮಾನವೆಂದು ಭಾವಿಸಬೇಡಿ.

ಅಂಗಡಿಗೆ ಬರುವ ಮೊದಲು ಏನೇನು ತಿಳಿದಿರಬೇಕು?

ಕುದುರೆಯ ವಯಸ್ಸು, ತೂಕ, ಹೆಣ್ಣಾದರೆ ಗಬ್ಬವೇ ಎಂಬುದು. ಕೊನೆಯ ಬಾರಿ ಯಾವ ಔಷಧಿ, ಯಾವ ತಿಂಗಳು ಕೊಟ್ಟಿರಿ. ಲದ್ದಿ ಪರೀಕ್ಷೆಯ ಫಲಿತಾಂಶ. ಅದೇ ಹುಲ್ಲುಗಾವಲಿನಲ್ಲಿ ಎಷ್ಟು ಕುದುರೆಗಳಿವೆ, ಇತ್ತೀಚೆಗೆ ಹೊಸದು ಬಂದಿದೆಯೇ. ಕುದುರೆಗೆ ಭೇದಿ, ಸೊರಗುವಿಕೆ, ಹೊಟ್ಟೆಶೂಲೆ ಇದ್ದರೆ ನನ್ನ ಬಳಿ ಬರಬೇಡಿ, ನೇರವಾಗಿ ಪಶುವೈದ್ಯರನ್ನು ಕರೆಸಿ.

ಮೊದಲೆಲ್ಲ ಜೀನು ಮಾರುವ ಅಂಗಡಿಯಲ್ಲೇ ಸಿಗುತ್ತಿತ್ತು, ಎರಡು ತಿಂಗಳಿಗೊಮ್ಮೆ ಕೊಡುತ್ತಿದ್ದೆವು ಎಂದು ಲಾಯದ ಹಿರಿಯರು ಹೇಳುತ್ತಾರೆ. ಅವರು ತಪ್ಪು ಮಾಡಿದರೇ?

ಇಲ್ಲ. ಅವರು ಆ ಕಾಲದ ಒಳ್ಳೆಯ ಸಲಹೆಯನ್ನೇ ಪಾಲಿಸಿದರು. ಅಮೆರಿಕದ ಕೆಂಟಕಿಯಲ್ಲಿ ಡ್ರಜ್ ಮತ್ತು ಲಯನ್ಸ್ ಎಂಬ ವಿಜ್ಞಾನಿಗಳು 1966ರಲ್ಲಿ ಆರರಿಂದ ಎಂಟು ವಾರಕ್ಕೊಮ್ಮೆ ಔಷಧಿ ಕೊಡುವ ಕ್ರಮವನ್ನು ಮುಂದಿಟ್ಟರು. ಆಗಿನ ಶತ್ರು ದೊಡ್ಡ ಕೆಂಪುಹುಳು. ಅದರ ಮರಿಗಳು ಕರುಳಿಗೆ ರಕ್ತ ಒಯ್ಯುವ ಅಪಧಮನಿಯಲ್ಲಿ ಸೇರಿಕೊಂಡು ಕುದುರೆಯನ್ನೇ ಕೊಲ್ಲುತ್ತಿದ್ದವು. ಆ ಕ್ರಮದಿಂದ ದೊಡ್ಡ ಕೆಂಪುಹುಳು ಬಹಳಷ್ಟು ಲಾಯಗಳಿಂದ ಮಾಯವಾಯಿತು. ಎಷ್ಟೋ ಕುದುರೆಗಳು ಅದರಿಂದ ಬದುಕಿವೆ.

ಆದರೆ ಆ ಜಾಗಕ್ಕೆ ಸಣ್ಣ ಕೆಂಪುಹುಳು ಬಂದು ಕುಳಿತಿತು. ಇದು ಒಂದು ಜಾತಿಯಲ್ಲ, ಐವತ್ತು ಜಾತಿಗಳ ದೊಡ್ಡ ಬಳಗ. ಎಲ್ಲ ಕುದುರೆಗಳಿಗೂ ಒಂದೇ ದಿನ ಔಷಧಿ ಕೊಟ್ಟಾಗ ಔಷಧಿಗೆ ಸಾಯುವ ಹುಳುಗಳೆಲ್ಲ ಸಾಯುತ್ತವೆ, ಸಾಯದವು ಮಾತ್ರ ಮೊಟ್ಟೆ ಇಡುತ್ತವೆ. ವರ್ಷಕ್ಕೆ ಆರು ಬಾರಿಯಂತೆ ನಲವತ್ತು ವರ್ಷ ಇದನ್ನೇ ಮಾಡಿದರೆ ಹುಲ್ಲಿನ ಮೇಲೆ ಯಾವ ಹುಳು ಉಳಿದಿರುತ್ತದೆ ಎಂದು ಯೋಚಿಸಿ. ಔಷಧಿ ಸೋಕದ ಒಂದಿಷ್ಟು ಸಾಮಾನ್ಯ ಹುಳುಗಳು ಹುಲ್ಲುಗಾವಲಿನಲ್ಲಿ ಇರಲೇಬೇಕು. ಅವು ಜಗ್ಗದ ಹುಳುಗಳ ಜೊತೆ ಬೆರೆತು ಅವುಗಳ ಬಲವನ್ನು ತೆಳುವಾಗಿಸುತ್ತವೆ. ಕುದುರೆಯ ಹೊಟ್ಟೆಯಲ್ಲಿ ಒಂದು ಹುಳುವೂ ಇರಬಾರದು ಎಂಬ ಹಟವನ್ನು ಬಿಡುವುದು ಹಳಬರಿಗೆ ಎಷ್ಟು ಕಷ್ಟವೆಂದು ನಾನು ದಿನಾ ನೋಡುತ್ತೇನೆ.

ಊರಿನಲ್ಲಿ ಮಕ್ಕಳಿಗೆಲ್ಲ ಜಂತುಹುಳುವಿನ ಮಾತ್ರೆ ಕೊಡುತ್ತಾರಲ್ಲ? ಅಲ್ಲಿ ಸರಿ ಎನಿಸಿದ್ದು ಕುದುರೆಗೆ ಏಕೆ ತಪ್ಪು?

ತುಂಬ ಒಳ್ಳೆಯ ಪ್ರಶ್ನೆ, ಕನ್ನಡಿಗರು ಮಾತ್ರ ನನ್ನನ್ನು ಕೇಳುವ ಪ್ರಶ್ನೆ. ಭಾರತದಲ್ಲಿ 2015ರಿಂದ ಫೆಬ್ರವರಿ 10ರಂದು ಶಾಲೆ, ಅಂಗನವಾಡಿಗಳಲ್ಲಿ ಅಲ್ಬೆಂಡಜೋಲ್ ಕೊಡುತ್ತಾರೆ. ಅಲ್ಲಿ ಔಷಧಿಯನ್ನು ತಾಯಂದಿರು ಮನಸ್ಸಿಗೆ ಬಂದಾಗ ಕೊಂಡು ಕೊಡುವುದಿಲ್ಲ. ಯಾವ ಪ್ರದೇಶ, ಯಾವ ವಯಸ್ಸು, ಎಷ್ಟು ಬಾರಿ ಎಂಬುದನ್ನು ಆರೋಗ್ಯ ಇಲಾಖೆ ತೀರ್ಮಾನಿಸುತ್ತದೆ. ಮಗು ದಿನವಿಡೀ ಹುಲ್ಲು ಮೇಯುವುದೂ ಇಲ್ಲ. ಕುದುರೆ ತನ್ನ ಲದ್ದಿ ಬಿದ್ದ ನೆಲದಲ್ಲೇ ಮೇಯುತ್ತದೆ, ಹಾಗಾಗಿ ಇಂದು ಶುದ್ಧ ಮಾಡಿದರೆ ನಾಳೆಯಿಂದಲೇ ಹುಳು ಮತ್ತೆ ಒಳಗೆ ಹೋಗುತ್ತದೆ.

ಲದ್ದಿ ಪರೀಕ್ಷೆ ಎಂದರೇನು? ಎಷ್ಟು ಬಂದರೆ ಔಷಧಿ ಕೊಡಬೇಕು?

ತಾಜಾ ಲದ್ದಿಯ ಎರಡು ಮೂರು ಕಡೆಯಿಂದ ಚೂರು ತೆಗೆದು ಪ್ರಯೋಗಾಲಯಕ್ಕೆ ಕಳುಹಿಸುತ್ತೀರಿ. ಅವರು ಸೂಕ್ಷ್ಮದರ್ಶಕದಲ್ಲಿ ಮೊಟ್ಟೆಗಳನ್ನು ಎಣಿಸಿ, ಗ್ರಾಂ ಒಂದಕ್ಕೆ ಇಷ್ಟು ಎಂದು ಹೇಳುತ್ತಾರೆ. ಬೆಳೆದ ಕುದುರೆಗೆ 200ಕ್ಕಿಂತ ಹೆಚ್ಚು ಬಂದರೆ ಔಷಧಿ ಕೊಡುವುದು ಸಾಮಾನ್ಯ ರೂಢಿ. ಮೇವಿನ ಕಾಲದಲ್ಲಿ, ಅಂದರೆ ವಸಂತದಿಂದ ಶರತ್ಕಾಲದವರೆಗೆ, ಎರಡು ಮೂರು ತಿಂಗಳಿಗೊಮ್ಮೆ ಮಾಡಿಸಿ. ಒಂದು ಹಿಂಡಿನಲ್ಲಿ ಸುಮಾರು 20 ಪ್ರತಿಶತ ಕುದುರೆಗಳು 80 ಪ್ರತಿಶತ ಮೊಟ್ಟೆಗಳನ್ನು ಹಾಕುತ್ತವೆ ಎಂಬುದು ಈ ಕ್ಷೇತ್ರದವರೆಲ್ಲ ಬಲ್ಲ ಲೆಕ್ಕ. ಉಳಿದ ಕುದುರೆಗಳಿಗೆ ಸುಮ್ಮನೆ ವಿಷ ತಿನ್ನಿಸುತ್ತಿದ್ದೆವಲ್ಲ ಎಂದು ಮೊದಲ ಪರೀಕ್ಷೆಯಾದ ಮೇಲೆ ಹಲವರು ಬೇಸರಪಟ್ಟಿದ್ದಾರೆ.

ನಮ್ಮದಕ್ಕೆ ಸೊನ್ನೆ ಬಂತು. ಹಾಗಾದರೆ ಹುಳುವೇ ಇಲ್ಲ, ಅಲ್ಲವೇ?

ಈ ಪ್ರಶ್ನೆಗೆ ನಿಧಾನವಾಗಿ ಉತ್ತರಿಸಬೇಕು.

ಪರೀಕ್ಷೆ ಎಣಿಸುವುದು ಮೊಟ್ಟೆಯನ್ನು. ಮೊಟ್ಟೆ ಇಡುವಷ್ಟು ಬೆಳೆಯದ ಹುಳು ಅದರಲ್ಲಿ ಕಾಣುವುದಿಲ್ಲ. ಸಣ್ಣ ಕೆಂಪುಹುಳುವಿನ ಮರಿಗಳು ದೊಡ್ಡ ಕರುಳಿನ ಗೋಡೆಯಲ್ಲಿ ಕೋಶ ಕಟ್ಟಿಕೊಂಡು ತಿಂಗಳುಗಟ್ಟಲೆ, ಕೆಲವೊಮ್ಮೆ ಎರಡು ವರ್ಷವೂ ಮಲಗಿರುತ್ತವೆ. ಚಳಿಗಾಲ ಮುಗಿಯುವ ಹೊತ್ತಿಗೆ ಅವು ಒಟ್ಟಿಗೇ ಕರುಳಿನ ಗೋಡೆ ಸೀಳಿಕೊಂಡು ಹೊರಬಂದರೆ ಕುದುರೆಗೆ ಭೇದಿ ಹತ್ತುತ್ತದೆ, ಮೈ ಕರಗುತ್ತದೆ. ಆ ಸ್ಥಿತಿ ತಲುಪಿದ ಕುದುರೆಗಳಲ್ಲಿ ಅರ್ಧದಷ್ಟು ಸಾಯಬಹುದು. ಎಳೆಯ ಕುದುರೆಗಳಿಗೆ ಅಪಾಯ ಹೆಚ್ಚು.

ನನಗೆ ಪರಿಚಯವಿದ್ದ ಒಂದು ಮನೆಯವರ ಐದು ವರ್ಷದ ಪೋನಿಗೆ ಬೇಸಿಗೆಯುದ್ದಕ್ಕೂ ಸೊನ್ನೆಯೇ ಬಂದಿತ್ತು. ಶರತ್ಕಾಲದಲ್ಲಿ ಅವರು ಬೇರೊಂದು ಕಡೆ ಐವರ್‌ಮೆಕ್ಟಿನ್ ಕೊಂಡರು. ಅಲ್ಲಿ ಯಾರೂ ಏನೂ ಕೇಳಲಿಲ್ಲ, ಹಣ ತೆಗೆದುಕೊಂಡು ಬಾಯಿಗೆ ಹಾಕುವ ಔಷಧಿಯ ಸಿರಿಂಜ್ ಕೊಟ್ಟರು. ಐವರ್‌ಮೆಕ್ಟಿನ್ ಕೋಶದೊಳಗಿನ ಮರಿಗಳನ್ನು ಮುಟ್ಟುವುದಿಲ್ಲ ಎಂದು ಹೇಳುವವರು ಇರಲಿಲ್ಲ. ಮಾರ್ಚ್‌ನಲ್ಲಿ ಪೋನಿ ಹತ್ತು ದಿನದಲ್ಲಿ ಹೋಯಿತು. ಆ ಮನೆಯ ಹುಡುಗಿ ಅದರ ಲಗಾಮನ್ನು ಒರೆಸಿ ಎಣ್ಣೆ ಹಚ್ಚಿ ನಮ್ಮ ಅಂಗಡಿಗೆ ತಂದು, ಬೇಕಾದವರಿಗೆ ಕೊಡಿ ಆಂಟಿ ಎಂದಳು. ನಾನು ಕೇಳುವ ಒಂದೊಂದು ಪ್ರಶ್ನೆಯ ಹಿಂದೆಯೂ ಆ ಲಗಾಮು ಇದೆ.

ಲಾಡಿಹುಳುವೂ ಲದ್ದಿ ಪರೀಕ್ಷೆಯಲ್ಲಿ ನೆಚ್ಚಿಕೊಳ್ಳುವಂತೆ ಸಿಗುವುದಿಲ್ಲ, ಅದಕ್ಕೆ ಜೊಲ್ಲಿನ ಅಥವಾ ರಕ್ತದ ಪರೀಕ್ಷೆ ಬೇಕು. ಸಣ್ಣ ಕೆಂಪುಹುಳುವಿಗೂ 2019ರಿಂದ ರಕ್ತ ಪರೀಕ್ಷೆ ಬಂದಿದೆ.

ಹಾಗಾದರೆ ಕೋಶದ ಮರಿಗಳನ್ನೂ ಕೊಲ್ಲುವ ಮಾಕ್ಸಿಡೆಕ್ಟಿನ್ ಅನ್ನೇ ಯಾವಾಗಲೂ ಕೊಟ್ಟರಾಯಿತಲ್ಲ? ಅದನ್ನು ಕೊಡಲು ಏಕೆ ಹಿಂಜರಿಯುತ್ತೀರಿ?

ಅದು ನಮ್ಮ ಕೊನೆಯ ಕತ್ತಿ, ಅದಕ್ಕೇ. ಕೋಶದ ಮರಿಗಳಿಗೆ ಇಲ್ಲಿ ಅನುಮತಿ ಇರುವ ಇನ್ನೊಂದು ದಾರಿ ಐದು ದಿನದ ಫೆನ್‌ಬೆಂಡಜೋಲ್. ಅದಕ್ಕೆ ಹುಳುಗಳು ಬಹುಮಟ್ಟಿಗೆ ಜಗ್ಗುತ್ತಿಲ್ಲ. ಆದ್ದರಿಂದ ಮಾಕ್ಸಿಡೆಕ್ಟಿನ್ ಅನ್ನು ಶರತ್ಕಾಲದ ಕೊನೆ ಅಥವಾ ಚಳಿಗಾಲದ ಆರಂಭದಲ್ಲಿ, ಅಪಾಯ ಇದೆ ಎನ್ನುವ ಕುದುರೆಗೆ ಮಾತ್ರ ಉಳಿಸಿಕೊಳ್ಳುವುದು ಜಾಣತನ. ಜುಲೈಯಲ್ಲಿ ಬಂದು ಕೇಳಿದರೆ ನಾನು ಸಾಮಾನ್ಯವಾಗಿ ಇಲ್ಲ ಎನ್ನುತ್ತೇನೆ. ನಾಲ್ಕು ತಿಂಗಳು ತುಂಬದ ಕುದುರೆಮರಿಗೆ ಇದನ್ನು ಕೊಡಲೇಬಾರದು. ಕೊಬ್ಬಿನಲ್ಲಿ ಸೇರಿಕೊಳ್ಳುವ ಔಷಧಿಯಾದ್ದರಿಂದ ಎಲುಬು ಕಾಣುವಷ್ಟು ಸೊರಗಿದ ಕುದುರೆಗೂ ಇದು ಅಪಾಯಕಾರಿ.

ನನ್ನ ಅಭಿಪ್ರಾಯ ಕೇಳಿದರೆ, ಈ ಒಂದು ಔಷಧಿಗೆ ಇತ್ತೀಚಿನ ಪರೀಕ್ಷೆಯ ವರದಿ ತೋರಿಸಲೇಬೇಕೆಂದು ನಿಯಮ ಬರಬೇಕು.

ತೂಕದ ಬಗ್ಗೆ ಇಷ್ಟು ಪಟ್ಟು ಏಕೆ? ಕಣ್ಣಂದಾಜು ಸಾಲದೇ?

ಸಾಲದು. ಕಣ್ಣಂದಾಜು ಹೆಚ್ಚಾಗಿ ಕಡಿಮೆಯಾಗಿರುತ್ತದೆ. ಕಡಿಮೆ ಔಷಧಿ ಬಿದ್ದರೆ ಗಟ್ಟಿ ಹುಳುಗಳು ಉಳಿದುಬಿಡುತ್ತವೆ. ತೂಕದ ಯಂತ್ರ ಸಿಗದಿದ್ದರೆ ಅಳತೆಪಟ್ಟಿ ಸಾಕು. ಎದೆಯ ಸುತ್ತಳತೆಯನ್ನು ಸೆಂಟಿಮೀಟರ್‌ನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ಭುಜದ ಮುಂಭಾಗದಿಂದ ಹಿಂಭಾಗದ ತುದಿಯವರೆಗಿನ ಉದ್ದದಿಂದ ಮತ್ತೆ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 180, ಉದ್ದ 150 ಇದ್ದರೆ ಸುಮಾರು 409 ಕೆಜಿ. ಐವರ್‌ಮೆಕ್ಟಿನ್ ಪ್ರಮಾಣ ಪ್ರತಿ ಕೆಜಿಗೆ 0.2 ಮಿಲಿಗ್ರಾಂ. ಇದನ್ನೆಲ್ಲ ಸಿರಿಂಜ್ ಮೇಲಿನ ಗೆರೆಗಳೇ ಲೆಕ್ಕ ಹಾಕಿಕೊಡುತ್ತವೆ, ನೀವು ತೂಕ ಸರಿಯಾಗಿ ಹೇಳಬೇಕು ಅಷ್ಟೇ. ಬಾಯಲ್ಲಿ ಹುಲ್ಲು ಇದ್ದಾಗ ಕೊಡಬೇಡಿ, ಅದರ ಜೊತೆ ಔಷಧಿಯನ್ನೂ ಉಗುಳಿಬಿಡುತ್ತದೆ.

ರಜೆಗೆ ಊರಿಗೆ ಹೋದಾಗ ಅಲ್ಲಿಂದ ಅಗ್ಗವಾಗಿ ತರಬಹುದೇ?

ಬೇಡ. ಇಲ್ಲಿ ಅನುಮತಿ ಇಲ್ಲದ ಪ್ರಾಣಿ ಔಷಧವನ್ನು ವಿಎಂಡಿಯ ಪ್ರಮಾಣಪತ್ರವಿಲ್ಲದೆ ದೇಶದೊಳಗೆ ತರುವುದು ಕಾನೂನಿಗೆ ವಿರುದ್ಧ. ಕುರಿ, ದನದ ಔಷಧಿಯನ್ನು ನೀವಾಗಿಯೇ ಕುದುರೆಗೆ ಕೊಡುವುದೂ ಹಾಗೆಯೇ. ಅಂಥ ಅಗತ್ಯ ಬಿದ್ದರೆ ಪಶುವೈದ್ಯರು ನಿರ್ಧರಿಸಲಿ.

ಬೇವು, ಬೆಳ್ಳುಳ್ಳಿ?

ಅಜ್ಜಿಯ ಕೈಮದ್ದಿನ ಮೇಲೆ ನನಗೂ ಪ್ರೀತಿ ಇದೆ. ಆದರೆ ಕುದುರೆಯ ಕರುಳಿನ ಹುಳುವನ್ನು ಇವು ಕೊಲ್ಲುತ್ತವೆ ಎನ್ನುವುದಕ್ಕೆ ಆಧಾರವಿಲ್ಲ. ಬೆಳ್ಳುಳ್ಳಿ ಹೆಚ್ಚಾದರೆ ಕುದುರೆಯ ಕೆಂಪು ರಕ್ತಕಣಗಳು ಒಡೆದು ರಕ್ತಹೀನತೆ ಬರುತ್ತದೆ. ಅನುಮತಿ ಪಡೆಯದೆ ಹುಳು ಕೊಲ್ಲುತ್ತದೆ ಎಂದು ಡಬ್ಬಿಯ ಮೇಲೆ ಬರೆಯಲು ಇಲ್ಲಿ ಕಾನೂನೂ ಬಿಡುವುದಿಲ್ಲ.

ಇಷ್ಟು ಮುಖ್ಯವಾದರೆ ಪಶುವೈದ್ಯರ ಚೀಟಿಯನ್ನೇ ಕಡ್ಡಾಯ ಮಾಡಬಹುದಲ್ಲ?

ಡೆನ್ಮಾರ್ಕ್ 1999ರಲ್ಲಿ ಅದನ್ನೇ ಮಾಡಿತು. ವೈದ್ಯರ ಚೀಟಿ ಇಲ್ಲದೆ ಔಷಧಿ ಇಲ್ಲ, ಪರೀಕ್ಷೆ ಇಲ್ಲದೆ ವಾಡಿಕೆಯ ಚಿಕಿತ್ಸೆ ಇಲ್ಲ. ಸ್ವೀಡನ್ ಕೂಡ ಇದೇ ದಾರಿ ಹಿಡಿಯಿತು. ಔಷಧಿಯ ಬಳಕೆ ಇಳಿಯಿತು, ಅದು ದೊಡ್ಡ ಗೆಲುವು. ಆದರೆ ಎರಡೂ ದೇಶಗಳ ಸಂಶೋಧಕರು ಆಮೇಲೆ ಇನ್ನೊಂದನ್ನು ಕಂಡರು. ಹಳೆಯ ಶತ್ರು ದೊಡ್ಡ ಕೆಂಪುಹುಳು ಮರಳಿ ಬರುತ್ತಿತ್ತು. ಮೊಟ್ಟೆ ಎಣಿಸಿ ಕೆಲವಕ್ಕೆ ಮಾತ್ರ ಔಷಧಿ ಕೊಡುವ ಲಾಯಗಳಲ್ಲೇ ಅದು ಹೆಚ್ಚಾಗಿತ್ತು. ಕಾರಣ ಸರಳ: ದೊಡ್ಡದರ ಮೊಟ್ಟೆಯೂ ಸಣ್ಣದರ ಮೊಟ್ಟೆಯೂ ಸೂಕ್ಷ್ಮದರ್ಶಕದಲ್ಲಿ ಒಂದೇ ಥರ ಕಾಣುತ್ತವೆ. ಎಣಿಕೆ ಕಡಿಮೆ ಬಂದ ಕುದುರೆಯಲ್ಲೂ ದೊಡ್ಡದು ಅಡಗಿರಬಹುದು.

ಇದನ್ನು ಹೇಳಿದ್ದು ಡೆನ್ಮಾರ್ಕಿನವರು ತಪ್ಪಿದರು ಎನ್ನಲು ಅಲ್ಲ. ಬಾಗಿಲಿಗೆ ಎಷ್ಟು ದೊಡ್ಡ ಬೀಗ ಹಾಕಿದರೂ ಕುದುರೆಯನ್ನು ಬಲ್ಲವರ ಜೊತೆ ಮಾತು ನಡೆಯದಿದ್ದರೆ ಬೀಗವೊಂದೇ ಸಾಲದು. ಇಲ್ಲಿನ ಮಧ್ಯದ ದಾರಿಯನ್ನು ನಾನು ಮೆಚ್ಚುವುದು ಆ ಮಾತಿಗಾಗಿ. ಚೀಟಿ ಕಡ್ಡಾಯವಾದರೆ ವೈದ್ಯರ ಭೇಟಿಯ ಖರ್ಚು ತಾಳಲಾರದ ಬಡ ಮಾಲೀಕರು ಔಷಧಿಯನ್ನೇ ಬಿಟ್ಟುಬಿಡುತ್ತಾರೆ ಎಂಬ ಭಯವೂ ನನಗಿದೆ.

ಅಮೆರಿಕದಲ್ಲಿ ಹಾಗೇ ಸಿಗುತ್ತದಂತೆ?

ಹೌದು, ಮೇವಿನ ಅಂಗಡಿಯ ಕಪಾಟಿನಿಂದ ತೆಗೆದುಕೊಳ್ಳಬಹುದು. ಅದರ ಪರಿಣಾಮ 2021ರಲ್ಲಿ ಕಂಡಿತು. ಕೋವಿಡ್‌ಗೆ ಮದ್ದೆಂದು ನಂಬಿದ ಜನ ಕುದುರೆಯ ಐವರ್‌ಮೆಕ್ಟಿನ್ ಕೊಂಡು ತಿಂದರು, ಕುದುರೆ ಸಾಕುವವರಿಗೆ ಕಪಾಟು ಖಾಲಿಯಾಯಿತು. ಒಂದು ಅಂಗಡಿಯಂತೂ ಕುದುರೆಯ ಜೊತೆಗಿರುವ ಚಿತ್ರ ತೋರಿಸಿದರೆ ಮಾತ್ರ ಕೊಡುತ್ತೇವೆ ಎಂದು ಹಲಗೆ ಹಾಕಿತು. ಕೊಡುವವರು ಮೊದಲೇ ನಾಲ್ಕು ಮಾತು ಕೇಳುವ ಕ್ರಮ ಇದ್ದಿದ್ದರೆ ಅಲ್ಲಿಗೆ ಮುಟ್ಟುತ್ತಿರಲಿಲ್ಲ.

ಆನ್‌ಲೈನ್‌ನಲ್ಲಿ ಕೊಂಡರೆ?

ಕಾನೂನು ಅಲ್ಲಿಗೂ ಅನ್ವಯಿಸುತ್ತದೆ. ಪ್ರತಿ ಮಾರಾಟವನ್ನೂ ಅರ್ಹ ವ್ಯಕ್ತಿ ಒಪ್ಪಬೇಕು. ಆದರೆ ಪರದೆಯ ಮೇಲಿನ ಪ್ರಶ್ನೆಗಳಿಗೆ ಕಣ್ಣುಮುಚ್ಚಿ ಹೌದು ಹೌದು ಎಂದು ಒತ್ತಿಬಿಡಬಹುದು. ಈ ವ್ಯವಸ್ಥೆಯ ದೊಡ್ಡ ತೂತು ಇದೇ ಎಂದು ನಾನು ನಂಬಿದ್ದೇನೆ. ಕೊಳ್ಳುವುದಾದರೆ ಫೋನ್ ಮಾಡಿ ಮಾತಾಡುವ, ನಿಮ್ಮ ಉತ್ತರ ಸರಿಯಿಲ್ಲದಿದ್ದರೆ ನಿರಾಕರಿಸುವ ಅಂಗಡಿಯಲ್ಲಿ ಕೊಳ್ಳಿ.

ಕುದುರೆಯ ಗುರುತಿನ ಪುಸ್ತಕವಾದ ಪಾಸ್‌ಪೋರ್ಟ್ ಏಕೆ ಕೇಳುತ್ತೀರಿ? ನಮ್ಮ ಪೋನಿಯನ್ನು ಯಾರು ತಿನ್ನುತ್ತಾರೆ?

ಯಾರೂ ತಿನ್ನಬೇಕಿಲ್ಲ. ಆದರೂ ಇಲ್ಲಿನ ಕಾನೂನಿನ ಕಣ್ಣಿನಲ್ಲಿ ಕುದುರೆ ಆಹಾರದ ಪ್ರಾಣಿ. ಮಾಂಸಕ್ಕೆ ಅಲ್ಲ ಎಂದು ಅದರ ಪಾಸ್‌ಪೋರ್ಟ್‌ನಲ್ಲಿ ನಮೂದಿಸುವವರೆಗೂ ಹಾಗೆಯೇ. ನಮೂದಿಸಿಲ್ಲದಿದ್ದರೆ ಕೊಟ್ಟ ಔಷಧಿಯ ದಾಖಲೆಯನ್ನು ನೀವೂ ಇಟ್ಟುಕೊಳ್ಳಬೇಕು.

ಕೊಟ್ಟ ಔಷಧಿ ಕೆಲಸ ಮಾಡಿತೇ ಎಂದು ತಿಳಿಯುವುದು ಹೇಗೆ?

ಕೊಡುವ ದಿನ ಒಮ್ಮೆ, 14 ದಿನದ ನಂತರ ಇನ್ನೊಮ್ಮೆ ಲದ್ದಿ ಎಣಿಸಿ. ಐವರ್‌ಮೆಕ್ಟಿನ್ ಕೊಟ್ಟಿದ್ದರೆ ಎಣಿಕೆ 95 ಪ್ರತಿಶತಕ್ಕಿಂತ ಹೆಚ್ಚು ಇಳಿದಿರಬೇಕು. ಇಳಿಯದಿದ್ದರೆ ನನಗೂ ಪಶುವೈದ್ಯರಿಗೂ ತಿಳಿಸಿ, ವಿಎಂಡಿಗೂ ವರದಿ ಮಾಡಬಹುದು. ಹೊಸ ಕುದುರೆ ಬಂದಾಗ ಈ ಪರೀಕ್ಷೆ ಮುಗಿಯುವವರೆಗೆ ಅದನ್ನು ಉಳಿದವುಗಳ ಜೊತೆ ಮೇಯಲು ಬಿಡಬೇಡಿ.

ಔಷಧಿ ಇಲ್ಲದೆ ಮಾಡಬಹುದಾದದ್ದು ಏನಾದರೂ ಇದೆಯೇ?

ಲದ್ದಿ ಎತ್ತುವುದು. ವಾರಕ್ಕೆ ಕನಿಷ್ಠ ಎರಡು ಬಾರಿ, ಮಳೆಯಲ್ಲೂ. ಮೊಟ್ಟೆ ಒಡೆದು ಮರಿ ಹುಲ್ಲಿನ ತುದಿ ಹತ್ತುವ ಮೊದಲೇ ಅದನ್ನು ಹೊಲದಿಂದ ಹೊರಗೆ ಹಾಕಿಬಿಡುತ್ತೀರಿ. ಬುಟ್ಟಿ, ಸಲಿಕೆ, ಬೆನ್ನುನೋವು ಇಷ್ಟೇ ಖರ್ಚು. ಪಕ್ಕದ ರೈತರ ಕುರಿಗಳನ್ನು ಸರದಿಯ ಮೇಲೆ ಮೇಯಿಸಿದರೆ ಇನ್ನೂ ಒಳ್ಳೆಯದು. ಕುದುರೆಯ ಹುಳುಗಳಲ್ಲಿ ಹೆಚ್ಚಿನವು ಕುರಿಯ ಹೊಟ್ಟೆಯಲ್ಲಿ ಬದುಕುವುದಿಲ್ಲ. ಔಷಧಿ ಕಡಿಮೆಯಾದಷ್ಟೂ ಸಗಣಿ ಜೀರುಂಡೆಗಳು ಉಳಿಯುತ್ತವೆ, ಅವು ಲದ್ದಿಯನ್ನು ಒಡೆದು ನಿಮ್ಮ ಕೆಲಸದಲ್ಲಿ ಪಾಲು ಹಂಚಿಕೊಳ್ಳುತ್ತವೆ.

ಸಿರಿಂಜ್‌ನಲ್ಲಿ ಅರ್ಧ ಉಳಿದಿದೆ. ಏನು ಮಾಡಲಿ?

ಚರಂಡಿಗೆ, ಕೊಳಕ್ಕೆ ಹಾಕಬೇಡಿ. ಈ ಔಷಧಿಗಳಲ್ಲಿ ಕೆಲವು ಮೀನಿಗೆ ತೀವ್ರ ವಿಷ. ಅಂಗಡಿಗೆ ತನ್ನಿ, ಸರಿಯಾದ ರೀತಿಯಲ್ಲಿ ವಿಲೇವಾರಿ ಮಾಡುತ್ತೇವೆ. ಖಾಲಿ ಸಿರಿಂಜನ್ನೂ ಲಾಯದ ನೆಲದಲ್ಲಿ ಬಿಡಬೇಡಿ. ಕುರಿ ಕಾಯುವ ಕಾಲಿ ಎಂಬ ಜಾತಿಯ ನಾಯಿಗಳಲ್ಲಿ ಅನೇಕವಕ್ಕೆ ಐವರ್‌ಮೆಕ್ಟಿನ್ ಮಿದುಳಿಗೆ ಹೋಗದಂತೆ ತಡೆಯುವ ಶಕ್ತಿ ಹುಟ್ಟಿನಿಂದಲೇ ಇರುವುದಿಲ್ಲ, ಸಿರಿಂಜ್ ತುದಿಯಲ್ಲಿ ಉಳಿದ ಔಷಧಿಯನ್ನು ನೆಕ್ಕಿದರೂ ಅವು ಬಿದ್ದುಬಿಡಬಹುದು. ಔಷಧಿ ಕೊಡುವ ದಿನ ನಾಯಿಯನ್ನು ಮನೆಯೊಳಗೆ ಕಟ್ಟಿ. ಕುದುರೆ ಉಗುಳಿದ್ದನ್ನು ಹುಲ್ಲಿನ ಸಮೇತ ಎತ್ತಿ ಹಾಕಿ.